ಕುಳಗಿಗೆ ಹೋದೆವು, ಮಾತಾಡಿಸಿ ಬಂದೆವು

ನಮ್ಮ ಹಾಸ್ಟೆಲಿನಲ್ಲಿ ಯಾರಿಗೂ ಹೆಸರಿರಲಿಲ್ಲ. ಎಲ್ಲರಿಗೂ ಊರಿತ್ತು. ನರಗುಂದದಿಂದ ಬಂದವನು ನರಗುಂದ, ಸಿರಸಿಯವನು ಸಿರಸಿ, ಬೈಲಹೊಂಗಲದವನು ಬೈಲಹೊಂಗಲ. ನಾನು ಬ್ಯಾಡಗಿ. ಪರೀಕ್ಷೆಯ ಹಾಲ್ ಟಿಕೆಟ್ ಬಂದಾಗಲೇ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಾಗುತ್ತಿದ್ದದ್ದು. ರಾಮನಗರದಿಂದ ಬಂದ ಹುಡುಗನಿಗೆ ಮಾತ್ರ ಊರಿನ ಹೆಸರು ದಕ್ಕಲಿಲ್ಲ. ರಾಮನಗರ ಎಂದರೆ ಎಲ್ಲರೂ ಬೆಂಗಳೂರಿನ ಹತ್ತಿರದ್ದು ಎಂದುಕೊಳ್ಳುತ್ತಿದ್ದರು. ಅವನದು ಉತ್ತರ ಕನ್ನಡದ ರಾಮನಗರ. ಹೇಳಿ ಹೇಳಿ ಬೇಸತ್ತು ಅವನೇ ತಾಲ್ಲೂಕಿನ ಹೆಸರು ಹೇಳತೊಡಗಿದ. ಹಾಗಾಗಿ ಅವನು ಜೋಯಿಡಾ.

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದ ನಮ್ಮನ್ನು 2014ರ ಫೆಬ್ರುವರಿಯಲ್ಲಿ ಅಧ್ಯಯನ ಪ್ರವಾಸಕ್ಕೆಂದು ಕುಳಗಿಗೆ ಕರೆದುಕೊಂಡು ಹೋಗಿದ್ದರು. ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ದಾರಿಯಲ್ಲಿ, ಹತ್ತು-ಹನ್ನೆರಡು ಕಿಲೋಮೀಟರ್ ದೂರದಲ್ಲಿದೆ ಕುಳಗಿ. ಅಲ್ಲಿ ಅರಣ್ಯ ಇಲಾಖೆಯ ನಿಸರ್ಗ ಶಿಬಿರವಿದೆ. ಮರಗಳ ನಡುವೆ ಟೆಂಟುಗಳು, ಮಕ್ಕಳು ಮಲಗಲು ದೊಡ್ಡ ಹಾಲ್, ಕಾಡಿನ ವಿಷಯ ತಿಳಿಸುವ ಒಂದು ಕೇಂದ್ರ. ಆ ರಾತ್ರಿ ನಾವು ಆರು ಜನ ಒಂದೇ ಟೆಂಟಿನಲ್ಲಿ ಕೂತು, ಪ್ರತಿ ವರ್ಷ ಇಲ್ಲಿಗೆ ಬರಬೇಕು ಎಂದು ಮಾತು ಕೊಟ್ಟುಕೊಂಡಿದ್ದೆವು.

ಮತ್ತೆ ಹೋಗಲು ಹತ್ತು ವರ್ಷ ಹಿಡಿಯಿತು.

ಶಿವರಾತ್ರಿಯ ಬಸ್ಸು

2024ರಲ್ಲಿ ಮಹಾಶಿವರಾತ್ರಿ ಮಾರ್ಚ್ 8ಕ್ಕೆ ಬಂತು. ಶುಕ್ರವಾರ. ಮರುದಿನ ಎರಡನೇ ಶನಿವಾರ, ಬ್ಯಾಂಕಿಗೂ ರಜೆ. ಅದರ ಮರುದಿನ ಭಾನುವಾರ. ಬ್ಯಾಂಕಿನಲ್ಲಿರುವ ಬೈಲಹೊಂಗಲ ಕ್ಯಾಲೆಂಡರಿನಲ್ಲಿ ಈ ಮೂರು ದಿನಕ್ಕೆ ಗುಂಡು ಹಾಕಿ ಅದರ ಫೋಟೋ ನಮ್ಮ ವಾಟ್ಸಾಪ್ ಗುಂಪಿಗೆ ಕಳಿಸಿದ. "ಈ ಸಲ ಆಗಲಿಲ್ಲ ಅಂದ್ರ ಇನ್ನ ಮಕ್ಕಳ ಮದವಿಯೊಳಗ ಭೆಟ್ಟಿ ಆಗೂದು" ಎಂದು ಬರೆದಿದ್ದ.

"ಶಿವರಾತ್ರಿ ದಿನ ಮನಿ ಬಿಟ್ಟು ಎಲ್ಲಿ ಹೊಂಟಿ?" ಎಂದು ನಮ್ಮವ್ವ ಗೊಣಗಿದಳು. ಆದರೂ ಖರ್ಜೂರ, ಬಾಳೆಹಣ್ಣು, ಸಾಬೂದಾಣಿ ಖಿಚಡಿ ಕಟ್ಟಿಕೊಟ್ಟಳು. ಹುಬ್ಬಳ್ಳಿಯಿಂದ ಧಾರವಾಡ, ಹಳಿಯಾಳ ದಾಟಿ ದಾಂಡೇಲಿಗೆ ಬಂದೆ. ಕವಳಾ ಗುಹೆಯ ಶಿವನ ದರ್ಶನಕ್ಕೆ ಹೊರಟ ಜನರಿಂದ ಬಸ್ಸು ತುಂಬಿಹೋಗಿತ್ತು. ಹಣೆಗೆ ವಿಭೂತಿ ಹಚ್ಚಿಕೊಂಡಿದ್ದ ಅಜ್ಜನೊಬ್ಬ ನನ್ನ ಬ್ಯಾಗನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಕುಳಗಿಯಲ್ಲಿ ಇಳಿದಾಗ ಬೋರ್ಡಿನ ಮೇಲೆ ಕಣ್ಣು ಬಿತ್ತು. ನಾವು ಓದುವಾಗ ಇದು ದಾಂಡೇಲಿ-ಅಂಶಿ ಹುಲಿ ಸಂರಕ್ಷಿತ ಪ್ರದೇಶ. 2007ರಲ್ಲಿ ಘೋಷಿಸಿದ ಈ ಪ್ರದೇಶಕ್ಕೆ 2015ರಲ್ಲಿ ಕಾಳಿ ನದಿಯ ಹೆಸರಿಟ್ಟರು. ಕಾಳಿ ಹುಟ್ಟುವುದು ಜೋಯಿಡಾ ತಾಲ್ಲೂಕಿನ ಡಿಗ್ಗಿ ಎಂಬ ಹಳ್ಳಿಯ ಬಳಿ. 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಒಂದೇ ಜಿಲ್ಲೆಯಲ್ಲಿ ಹುಟ್ಟಿ ಅದೇ ಜಿಲ್ಲೆಯಲ್ಲಿ ಮುಗಿಯುವ ನದಿ ಎಂದು ನಮ್ಮ ಮೇಷ್ಟ್ರು ಆಗ ಹೇಳಿದ್ದು ನೆನಪಾಯಿತು.

ಒಬ್ಬೊಬ್ಬರೇ ಬಂದರು. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಗದಗ ಕಿವಿಯಲ್ಲಿ ಫೋನಿನ ತುಂಡು ಸಿಕ್ಕಿಸಿಕೊಂಡೇ ಕಾರಿನಿಂದ ಇಳಿದ. ಸಿರಸಿ ಬೆಂಗಳೂರಿನ ಕೆಲಸ ಬಿಟ್ಟು ಅಡಿಕೆ ತೋಟಕ್ಕೆ ಮರಳಿದ್ದಾನೆ. ತೊಡದೇವಿನ ಡಬ್ಬಿ ಹಿಡಿದು ಬಂದಿದ್ದ. ಬೈಲಹೊಂಗಲನ ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ. ನರಗುಂದ ಪ್ರೌಢಶಾಲೆ ಮಾಸ್ತರ. ಹೆಂಡತಿಗೆ ಪರೀಕ್ಷೆಯ ಡ್ಯೂಟಿ ಬಂದಿದ್ದರಿಂದ ಎರಡನೇ ಇಯತ್ತೆಯ ಮಗಳನ್ನೂ ಕರೆದುಕೊಂಡು ಬಂದಿದ್ದ. ಅವಳನ್ನು ನಾವೆಲ್ಲ ಪುಟ್ಟಿ ಎಂದೇ ಕರೆದೆವು.

ಕತ್ತಲಾಗುವ ಮುಂಚೆ, ಎಲ್ಲರಿಗಿಂತ ಕೊನೆಗೆ ಬೈಕಿನಲ್ಲಿ ಬಂದವನು ಜೋಯಿಡಾ. ಹೆಲ್ಮೆಟ್ ತೆಗೆದು ನಕ್ಕ. ನಕ್ಕನೇ ಹೊರತು ಮಾತು ಬೆಳೆಸಲಿಲ್ಲ.

ಆ ರಾತ್ರಿಯ ಮಾತು ಎಂಥದ್ದೆಂದು ಓದುತ್ತಿರುವ ಅಜ್ಜ-ಅಜ್ಜಿಯರು ಊಹಿಸಬಲ್ಲರು. ಮೂವತ್ತು ದಾಟಿದವರ ಮಾತು! ಮನೆಯ ಸಾಲದ ಕಂತು, ಅಪ್ಪನ ಮೊಣಕಾಲಿನ ಆಪರೇಷನ್, ಮಗುವಿನ ಶಾಲೆಯ ಫೀಸು, ಅಡಿಕೆಯ ಕೊಳೆರೋಗ. "ಮೊದಲು ಮಾರ್ಕ್ಸ್ ಎಷ್ಟು ಬಂತಲೇ ಅಂತ ಕೇಳತಿದ್ವಿ, ಈಗ ಬಿಪಿ ಎಷ್ಟಲೇ ಅಂತ ಕೇಳಾಕ ಹತ್ತೇವಿ" ಎಂದ ಗದಗ. ಎಲ್ಲರೂ ನಕ್ಕೆವು. ಜೋಯಿಡಾ ಬೆಂಕಿಗೆ ಕಟ್ಟಿಗೆ ಹಾಕುತ್ತ ಕೂತಿದ್ದ.

ಅವನು ಯಾಕೆ ಸುಮ್ಮನಿದ್ದಾನೆಂದು ನನಗೆ ಗೊತ್ತಿತ್ತು. ಉಳಿದವರಿಗೂ ಗೊತ್ತಿತ್ತು. ಬಾಯಿ ತೆರೆಯಲು ಯಾರಿಗೂ ಧೈರ್ಯವಿರಲಿಲ್ಲ.

ಬಾಗಿಲು ಮುಚ್ಚಿಕೊಂಡ ಅಮ್ಮ

ಶನಿವಾರ ಬೆಳಗ್ಗೆ ಆರಕ್ಕೆ ಗೈಡ್ ಬಂದು ಎಬ್ಬಿಸಿದರು. ಹತ್ತಿರದ ಹಳ್ಳಿಯವರು, ಕಾಡಿನಲ್ಲೇ ಬೆಳೆದವರು. "ಮಂಗಟ್ಟೆ ಗೂಡು ತೋರಸ್ತೀನಿ. ಆದ್ರ ಮಾತಾಡಬಾರದು, ಹತ್ರ ಹೋಗಬಾರದು" ಎಂದು ಮೊದಲೇ ಕರಾರು ಹಾಕಿದರು.

ಮಕ್ಕಳೇ, ಮಂಗಟ್ಟೆ ಅಂದರೆ ಇಂಗ್ಲಿಷಿನಲ್ಲಿ ಹಾರ್ನ್‌ಬಿಲ್ ಎಂದು ಕರೆಯುವ ಹಕ್ಕಿ. ಕೊಕ್ಕು ಬಾಗಿದ ಬಾಳೆಹಣ್ಣಿನ ಹಾಗೆ ಉದ್ದ. ಕೆಲವು ಜಾತಿಗಳಲ್ಲಿ ಅದರ ಮೇಲೆ ಇನ್ನೊಂದು ಕೊಕ್ಕು ಅಂಟಿಸಿದಂತೆ ಕಾಣುವ ದೊಡ್ಡ ಕಿರೀಟವಿರುತ್ತದೆ. ದಾಂಡೇಲಿಯ ಸುತ್ತಮುತ್ತ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ನಾವು ನೋಡಿದ್ದು ಕಪ್ಪು-ಬಿಳಿ ಬಣ್ಣದ ಮಲಬಾರ್ ಮಂಗಟ್ಟೆ.

ಈ ಹಕ್ಕಿ ಮರಕುಟಿಗನಂತೆ ತಾನೇ ಮರ ಕೊರೆಯಲಾರದು. ಹಳೆಯ ದೊಡ್ಡ ಮರದಲ್ಲಿ ಮೊದಲೇ ಆದ ಪೊಟರೆಯೇ ಬೇಕು. ಅಂಥ ಪೊಟರೆ ಸಿಕ್ಕರೆ ವರ್ಷ ವರ್ಷವೂ ಅದೇ ಗೂಡಿಗೆ ಮರಳಿ ಬರುತ್ತದೆ. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಒಳಗೆ ಹೋಗಿ, ತನ್ನ ಹಿಕ್ಕೆ ಮತ್ತು ಹಣ್ಣಿನ ತಿರುಳಿನಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಅಲ್ಲಿಂದ ಮುಂದೆ ವಾರಗಟ್ಟಲೆ ಅವಳ ಊಟವೆಲ್ಲ ಗಂಡು ತಂದುಕೊಟ್ಟದ್ದೇ. ಮರಿ ಹುಟ್ಟಿದ ಮೇಲೆ ಮರಿಗಳ ಊಟವೂ ಅವನದೇ ಜವಾಬ್ದಾರಿ.

ಮುಕ್ಕಾಲು ತಾಸು ಕಾದ ಮೇಲೆ ರೆಕ್ಕೆಯ ಸದ್ದು ಕೇಳಿಸಿತು. ದೂರದಲ್ಲಿ ಯಾರೋ ಬೀಸಣಿಗೆ ಬೀಸಿದ ಹಾಗೆ. ಗಂಡು ಬಂದು ಪೊಟರೆಯ ಬಾಯಿಗೆ ಆತುಕೊಂಡು ಕೂತಿತು. ಗಂಟಲಿನಿಂದ ಒಂದೊಂದೇ ಬಸರಿ ಹಣ್ಣು ತೆಗೆದು ಸೀಳಿನಲ್ಲಿ ಕೊಡತೊಡಗಿತು. ದುರ್ಬೀನು ಪುಟ್ಟಿಯ ಕೈಯಲ್ಲಿತ್ತು. ಅವಳು ಬೆರಳು ಮಡಚಿ ಲೆಕ್ಕ ಮಾಡಿದಳು. ಹದಿಮೂರು ಹಣ್ಣು.

ಹಕ್ಕಿ ಹಾರಿಹೋದ ಮೇಲೆ ಅವಳು ಪಿಸುಗುಟ್ಟಿದಳು. "ಅಪ್ಪ ಹಕ್ಕಿ ತಿರುಗಿ ಬರಲಿಲ್ಲ ಅಂದ್ರ?"

ಗೈಡ್ ಒಂದು ಕ್ಷಣ ಸುಮ್ಮನಿದ್ದರು. "ಆವಾಗ ಮರಿಗೋಳಿಗೆ ಕಷ್ಟ ಆಗತದವ್ವಾ" ಎಂದರು.

ಜೋಯಿಡಾ ಹಿಂದಕ್ಕೆ ತಿರುಗಿ ಶಿಬಿರದ ಕಡೆ ನಡೆಯತೊಡಗಿದ.

ಕೈ ಮುಗಿದ ಚಿತ್ರಗಳು

ಇಲ್ಲಿ ನಾನು ಹಿಂದಿನ ಕಥೆ ಹೇಳಬೇಕು.

ಜೋಯಿಡಾನ ಅಪ್ಪನಿಗೆ ರಾಮನಗರದಲ್ಲಿ ಸಣ್ಣ ಕಿರಾಣಿ ಅಂಗಡಿ. ಚಳಿಗಾಲ ಬಂತೆಂದರೆ ಅವರು ಒಂದು ಚೀಲ ಗೆಡ್ಡೆ-ಗೆಣಸು ಹೊತ್ತುಕೊಂಡು ಹಾಸ್ಟೆಲಿಗೆ ಬರುತ್ತಿದ್ದರು. ಜೋಯಿಡಾ ತಾಲ್ಲೂಕಿನ ಕುಣಬಿ ಜನ ಬೆಳೆಯುವ ಗೆಡ್ಡೆಗಳ ರುಚಿಯೇ ಬೇರೆ. ಅಡುಗೆಯವರನ್ನು ಪುಸಲಾಯಿಸಿ, ತಾವೇ ನಿಂತು ಹುರಿಸಿ, ಎಲ್ಲ ಹುಡುಗರಿಗೂ ಬಡಿಸಿ ರಾತ್ರಿ ಬಸ್ಸಿಗೆ ಹೊರಡುತ್ತಿದ್ದರು. ನಮ್ಮ ಕೊನೆಯ ವರ್ಷ ಗದಗನಿಗೆ ಕಾಮಾಲೆಯಾದಾಗ, ಅವನ ಮನೆಯವರು ಬಂದು ಮುಟ್ಟುವ ತನಕ ಎರಡು ರಾತ್ರಿ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತವರು ಅವರೇ.

ಅವರು 2023ರ ಜುಲೈನಲ್ಲಿ ತೀರಿಕೊಂಡರು. ಸುದ್ದಿ ಗುಂಪಿನಲ್ಲಿ ಬಂದಾಗ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಮೇಜಿನ ಕೆಳಗೆ ಫೋನ್ ಹಿಡಿದು "ಓಂ ಶಾಂತಿ" ಎಂದು ಬರೆದು ಕೈ ಮುಗಿದ ಚಿತ್ರ ಹಾಕಿದೆ. ಉಳಿದವರೂ ಹಾಕಿದರು. ಮರುದಿನ ಅದೇ ಗುಂಪಿನಲ್ಲಿ ಯಾರೋ ಕ್ರಿಕೆಟ್ಟಿನ ಜೋಕು ಕಳಿಸಿದರು. ಅದಕ್ಕೆ ನಾನು ನಕ್ಕ ಚಿತ್ರವನ್ನೂ ಹಾಕಿದೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ಸಾವಾದ ಮನೆಗೆ ಹೋಗುವುದಕ್ಕೆ "ಮಾತಾಡಿಸಾಕ ಹೋಗೂದು" ಅನ್ನುತ್ತಾರೆ. ಹೋಗಿ ದೊಡ್ಡದಾಗಿ ಏನೂ ಮಾತಾಡುವುದಿಲ್ಲ. ಚಾಪೆಯ ಮೇಲೆ ಕೂರುತ್ತಾರೆ. ಹೇಗಾಯಿತು ಎಂದು ಕೇಳುತ್ತಾರೆ. ಹತ್ತು ಜನಕ್ಕೆ ಹೇಳಿದ ಕಥೆಯನ್ನೇ ಮನೆಯವರು ಹನ್ನೊಂದನೆಯವರಿಗೂ ಹೇಳುತ್ತಾರೆ. ನನ್ನ ಅಜ್ಜ ಈ ಕೆಲಸಕ್ಕಾಗಿ ಬ್ಯಾಡಗಿಯಿಂದ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ. ಹುಬ್ಬಳ್ಳಿಯಿಂದ ರಾಮನಗರಕ್ಕೆ ಮೂರು ತಾಸು ಕೂಡ ಬೇಡ. ನಾನು ಹೋಗಿರಲಿಲ್ಲ.

ಶನಿವಾರ ರಾತ್ರಿ. ಮರುದಿನ ಅಮಾವಾಸ್ಯೆ, ಆಕಾಶದ ತುಂಬ ಚುಕ್ಕಿ. ಎಲ್ಲರೂ ಟೆಂಟಿನ ಮುಂದೆ ಕೂತಿದ್ದೆವು. ಪುಟ್ಟಿಗೆ ನಿದ್ದೆ ಬಂದಿರಲಿಲ್ಲ. ಜೋಯಿಡಾನ ಪಕ್ಕ ಕೂತು ಅವನನ್ನು ಪ್ರಶ್ನೆ ಕೇಳುತ್ತಿದ್ದಳು. ನಿಮ್ಮ ಊರು ಎಲ್ಲಿ? ಇಲ್ಲೇ ಹತ್ತಿರ. ಮನೆಯಲ್ಲಿ ಯಾರ್‍ಯಾರು? ನಾನು, ಅವ್ವ, ಅಜ್ಜಿ. ಅಪ್ಪ? ತೀರಿಕೊಂಡ್ರು.

ಅವಳು ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು. "ಮತ್ತ ಇವರೆಲ್ಲ ನಿಮ್ಮ ಮನಿಗೆ ಬಂದಿದ್ರೇನು, ಕಾಕಾ?"

ನರಗುಂದ "ಏ, ಸುಮ್ಮನಿರು" ಎಂದು ಗದರಿದ.

"ಇರಲಿ ಬಿಡೋ" ಎಂದ ಜೋಯಿಡಾ. ಸ್ವಲ್ಪ ಹೊತ್ತು ಬಿಟ್ಟು ಮಾತಾಡಿದ. "ಮಳಿ ಭಾಳ ಇತ್ತು ಅವತ್ತ. ಆದ್ರೂ ಮಂದಿ ಬಂದಿದ್ರು. ನಮ್ಮವ್ವ ದಿನಾ ಕೇಳತಿದ್ಲು, ನಿನ್ನ ಧಾರವಾಡದ ಹುಡುಗರು ಬರಲಿಲ್ಲೇನೋ ಅಂತ. ಹನ್ನೆರಡು ದಿನ ಕೇಳಿದ್ಲು. ನಾ ಏನ್ ಹೇಳಲಿ? ಎಲ್ಲರೂ ಫಾರಿನ್ನಿನ್ಯಾಗ ಅದಾರ ಅಂತ ಸುಳ್ಳ ಹೇಳಿದೆ."

ಯಾರೂ ಉಸಿರೆತ್ತಲಿಲ್ಲ. ಆಸ್ಪತ್ರೆಯಲ್ಲಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ ಗದಗ ಎದ್ದು ಕತ್ತಲಿಗೆ ಹೋದ. ಎಷ್ಟೋ ಹೊತ್ತಿನ ಮೇಲೆ ಬಂದಾಗ ಅವನ ಕಿವಿಯಲ್ಲಿ ಫೋನಿನ ತುಂಡು ಇರಲಿಲ್ಲ.

"ತಪ್ಪಾತು" ಎಂದೆ ನಾನು. ಆ ಶಬ್ದ ಬಹಳ ಸಣ್ಣದೆನಿಸಿತು.

"ಕ್ಷಮೆ ಕೇಳೋದೆಲ್ಲ ಆಮೇಲೆ ಮಾರಾಯಾ" ಎಂದ ಸಿರಸಿ. "ನಾಳೆ ಬೆಳಿಗ್ಗೆ ಜಲಕ್ರೀಡೆಗೆ ಹೋಗೋದು ಬೇಡ. ಇವನ ಮನೆಗೆ ಹೋಪನ."

ಜೋಯಿಡಾ ಬೇಡ ಎನ್ನಲಿಲ್ಲ.

ನೀರಿನ ಕೆಳಗಿನ ಊರು

ಭಾನುವಾರ ದಾಂಡೇಲಿ ದಾಟಿ ಗಣೇಶಗುಡಿಗೆ ಬಂದೆವು. ಅಲ್ಲಿ ಕಾಳಿಗೆ ಕಟ್ಟಿದ ಸೂಪಾ ಅಣೆಕಟ್ಟು ಇದೆ. ನೂರು ಮೀಟರಿಗೂ ಮಿಕ್ಕಿದ ಎತ್ತರ. 1987ರ ಹೊತ್ತಿಗೆ ಕೆಲಸ ಮುಗಿಯಿತು. ಇಲ್ಲಿ ನಿಲ್ಲಿಸಿದ ನೀರು ಮುಂದೆ ಬೊಮ್ಮನಹಳ್ಳಿ ಜಲಾಶಯಕ್ಕೆ ಹೋಗಿ, ಅಲ್ಲಿಂದ ಸುರಂಗದಲ್ಲಿ ನಾಗಝರಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ನಮ್ಮ ಮನೆಗಳ ಎಷ್ಟೋ ದೀಪಗಳ ಹಿಂದೆ ಈ ನೀರಿದೆ.

ಆ ನೀರಿನ ಕೆಳಗೆ ಒಂದು ಊರಿದೆ. ಅದೇ ಸೂಪಾ. ಕಾಳಿಗೆ ಪಾಂಡ್ರಿ ನದಿ ಸೇರುವ ಜಾಗದಲ್ಲಿದ್ದ ಸೂಪಾ ಆಗ ತಾಲ್ಲೂಕಿನ ಮುಖ್ಯ ಊರು. ಊರು ಮುಳುಗಿದ ಮೇಲೆ ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ಮನೆ ಕಳೆದುಕೊಂಡ ಬಹಳಷ್ಟು ಜನರಿಗೆ ರಾಮನಗರದಲ್ಲಿ ನೆಲೆ ಕೊಟ್ಟರು. ಜೋಯಿಡಾನ ಅಪ್ಪ ಹಾಗೆ ಬಂದ ಶಾಲಾ ಹುಡುಗ. ಅವನ ಅಜ್ಜಿ ಹಾಗೆ ಬಂದ ಸೊಸೆ.

ಜಗಲಬೇಟ ದಾಟಿ ರಾಮನಗರ ಮುಟ್ಟಿದಾಗ ಹನ್ನೊಂದು ಗಂಟೆ. ಅವನ ಅವ್ವ ಅಂಗಡಿಯ ಗಲ್ಲೆಯ ಮೇಲೆ ಕೂತಿದ್ದರು. ಎರಡು ಕಾರು ನಿಂತದ್ದನ್ನು ನೋಡಿ ಎದ್ದು ಬಂದರು. ಒಬ್ಬೊಬ್ಬರ ಮುಖ ನೋಡುತ್ತ ಬಂದು ಗದಗನ ಮುಂದೆ ನಿಂತರು.

"ಬಂದ್ರಲ್ಲ" ಎಂದರು. ಅಷ್ಟೇ.

ಫಾರಿನ್ನಿನಿಂದ ಯಾವಾಗ ಬಂದಿರಿ ಎಂದು ಕೇಳುತ್ತಾರೇನೋ ಎಂದು ನಾನು ಹೆದರಿದ್ದೆ. ಕೇಳಲಿಲ್ಲ. ಚಾಪೆ ಹಾಸಿದರು. ನಾವು ಕೂತೆವು. "ಹೆಂಗಾತ್ರೀ ಅವ್ವಾ?" ಎಂದು ಗದಗ ಕೇಳಿದ. ಎಂಟು ತಿಂಗಳ ಹಿಂದಿನ ಮಾತನ್ನು ಅವರು ನಿನ್ನೆ ನಡೆದಂತೆ ಹೇಳಿದರು. ಅಂಗಡಿ ಮುಚ್ಚಿ ಬಂದವರು ಎದೆ ಹಿಡಿದುಕೊಂಡದ್ದು, ಮಳೆಯಲ್ಲಿ ಗಾಡಿ ಸಿಗದೇ ಹೋದದ್ದು, ನೆರೆಯವರು ಹೊತ್ತೊಯ್ದದ್ದು. ಹೇಳುತ್ತ ಅತ್ತರು. ನಾವೂ ಅತ್ತೆವು. ಆಮೇಲೆ ಅವರು ಕಣ್ಣೊರೆಸಿಕೊಂಡು ಚಹಾ ಇಟ್ಟರು. ಫಾರೆಸ್ಟ್ ರೇಂಜರ್ ಪರೀಕ್ಷೆಗೆ ಓದುತ್ತಿದ್ದ ಜೋಯಿಡಾ ಪುಸ್ತಕ ಕಟ್ಟಿಟ್ಟು ಅಂಗಡಿಗೆ ಕೂತಿದ್ದಾನೆಂಬುದು ನಮಗೆ ಗೊತ್ತಾದದ್ದೂ ಆಗಲೇ.

ಒಳಗಿನಿಂದ ಅಜ್ಜಿ ಕೋಲೂರಿಕೊಂಡು ಬಂದರು. ಅವರ ಮಾತು ಕೊಂಕಣಿ. ಜೋಯಿಡಾ ನಮಗೆ ಕನ್ನಡದಲ್ಲಿ ಹೇಳುತ್ತಿದ್ದ. ಅವರು ಕೇಳಿದ ಮೊದಲ ಪ್ರಶ್ನೆ: "ಗಣೇಶಗುಡಿ ಮೇಲೆ ಬಂದಿರಾ? ನೀರು ಎಷ್ಟು ಇಳಿದಿದೆ?"

ಆ ದಾರಿಯಲ್ಲಿ ಬಂದವರನ್ನೆಲ್ಲ ಅವರು ಇದನ್ನೇ ಕೇಳುತ್ತಾರಂತೆ. ಹಿಂದಿನ ವರ್ಷ ಮಳೆ ಕಡಿಮೆಯಾಗಿತ್ತು, ಇಳಿದಿದೆ ಎಂದೆವು. ಅಜ್ಜಿ ತಲೆಯಾಡಿಸಿದರು. ಪುಟ್ಟಿಯನ್ನು ಹತ್ತಿರ ಕೂರಿಸಿಕೊಂಡು ಸೂಪಾದ ಕಥೆ ಹೇಳಿದರು. ಎರಡು ನದಿ ಸೇರುವ ಕಡೆ ಬಟ್ಟೆ ಒಗೆಯುತ್ತಿದ್ದದ್ದು, ಸಂತೆಯ ದಿನ, ಹಿತ್ತಿಲಿನ ಹಲಸು. ಊರು ಬಿಡುವಾಗ ಹೊಸಿಲಿನ ಕಟ್ಟಿಗೆಯನ್ನು ಬಿಚ್ಚಿ ತಂದಿದ್ದರಂತೆ. ಈಗಿನ ದೇವರ ಕೋಣೆಗೆ ಅದೇ ಹೊಸಿಲು. ಪುಟ್ಟಿ ಓಡಿಹೋಗಿ ಅದನ್ನು ಮುಟ್ಟಿ ಬಂದಳು.

"ನಿಮ್ಮ ಊರಿನ ಫ್ರೆಂಡ್ಸು ಎಲ್ಲಿದ್ದಾರೆ, ಅಜ್ಜಿ?" ಎಂದು ಅವಳು ಕೇಳಿದಳು.

ಅಜ್ಜಿ ಹೇಳಿದ್ದನ್ನು ಜೋಯಿಡಾ ನಿಧಾನವಾಗಿ ಕನ್ನಡಕ್ಕೆ ತಂದ. "ಒಬ್ಬಾಕಿ ಇದೇ ಓಣಿಯಲ್ಲಿ. ಒಬ್ಬಾಕಿ ಜೋಯಿಡಾದಲ್ಲಿ. ಒಬ್ಬಾಕಿ ಬೆಳಗಾವಿಗೆ ಹೋದಳು. ಹಿಂತಿರುಗಿ ಹೋಗೋಣ ಅಂದರೆ ನಮಗೆ ಊರಿಲ್ಲ. ಅದಕ್ಕೇ ಯಾರ ಮನೆಯಲ್ಲಿ ಏನಾದರೂ ನಾವು ಹೋಗಿಬಿಡುತ್ತೇವೆ. ಮದುವೆಗೆ ತಪ್ಪಿದರೂ ಸಾವಿಗೆ ತಪ್ಪುವುದಿಲ್ಲ. ಎಲ್ಲರೂ ಒಂದು ಕಡೆ ಕೂತರೆ ಅವತ್ತು ಸೂಪಾ ಆಯಿತು."

ನಮ್ಮ ಆರು ಜನರಿಗೂ ಊರಿದೆ. ಊರಿನ ಹೆಸರೇ ನಮ್ಮ ಹೆಸರು. ಕಾಲೇಜೂ ಇದೆ, ಕುಳಗಿಯೂ ಇದೆ, ಕೈಯಲ್ಲಿ ಫೋನೂ ಇದೆ. ಚಹಾದ ಬಟ್ಟಲು ಹಿಡಿದುಕೊಂಡು ನಾನು ನೆಲ ನೋಡುತ್ತ ಕೂತೆ.

ಎಷ್ಟಕ್ಕೆ ಹೊರಡೋದು?

ಹೊರಡುವಾಗ ಜೋಯಿಡಾನ ಅವ್ವ ಪ್ರತಿಯೊಬ್ಬರಿಗೂ ಒಣಗಿಸಿದ ಮುರುಗಲು ಸಿಪ್ಪೆಯ ಪೊಟ್ಟಣ ಕಟ್ಟಿಕೊಟ್ಟರು. ನರಗುಂದ ತನ್ನಲ್ಲಿರುವ ಸ್ಪರ್ಧಾ ಪರೀಕ್ಷೆಯ ಪುಸ್ತಕ ಕಳಿಸುವುದಾಗಿ ಹೇಳಿದ. "ಅಂಗಡಿ ಯಾರು ನೋಡತಾರ?" ಎಂದ ಜೋಯಿಡಾ. "ಮುಂಜಾನೆ ಎರಡು ತಾಸು ನಾ ಕೂಡತೇನಿ, ನೀ ಓದು" ಎಂದು ಅವನ ಅವ್ವ ನಮ್ಮೆದುರೇ ಹೇಳಿದರು. ಅವನು ಏನೂ ಹೇಳಲಿಲ್ಲ. ನಮ್ಮನ್ನು ಕಳಿಸಲು ರಸ್ತೆಯ ತನಕ ಬಂದವನು, ಕಾರು ತಿರುವಿನಲ್ಲಿ ಮರೆಯಾಗುವ ತನಕ ಅಲ್ಲೇ ನಿಂತಿದ್ದ.

ಪುಟ್ಟಿ ಮನೆಗೆ ಹೋಗಿ ಚಿತ್ರ ಬರೆದಳಂತೆ. ದೊಡ್ಡ ಮರ, ಮರದೊಳಗೆ ಹೊಸಿಲಿರುವ ಮನೆ, ಬಾಗಿಲಲ್ಲಿ ಮಂಗಟ್ಟೆ, ಒಳಗೆ ಒಬ್ಬ ಅಜ್ಜಿ. ನರಗುಂದ ಅದರ ಫೋಟೋ ಗುಂಪಿಗೆ ಕಳಿಸಿದ. ಜೋಯಿಡಾ ಅದನ್ನು ಪ್ರಿಂಟ್ ಹಾಕಿಸಿ ಅಂಗಡಿಯಲ್ಲಿ ಅಂಟಿಸಿದ್ದಾನೆ.

ಮೇ ತಿಂಗಳಲ್ಲಿ ಬೈಲಹೊಂಗಲನ ಅಜ್ಜ ತೀರಿಕೊಂಡರು. ತೊಂಬತ್ತರ ಹತ್ತಿರದ ತುಂಬು ಜೀವ. ಬೆಳಗಿನ ಆರಕ್ಕೆ ಗುಂಪಿನಲ್ಲಿ ಸುದ್ದಿ ಬಂತು. ಆ ದಿನ ಯಾರೂ ಕೈ ಮುಗಿದ ಚಿತ್ರ ಹಾಕಲಿಲ್ಲ.

ಮೊದಲು ಬರೆದವನು ಜೋಯಿಡಾ. "ನಾ ಲೋಂಡಾ ಮ್ಯಾಲೆ ಬರ್ತೇನಿ. ಬ್ಯಾಡಗಿ, ನೀ ಎಷ್ಟಕ್ಕ ಹೊರಡತಿ?"

ಕುಳಗಿಗೆ ಹೋಗುವವರಿಗೆ

ಧಾರವಾಡ ಮತ್ತು ಹುಬ್ಬಳ್ಳಿಯಿಂದ ಹಳಿಯಾಳದ ಮೂಲಕ ದಾಂಡೇಲಿಗೆ ಬಸ್ಸುಗಳಿವೆ. ಅಲ್ಲಿಂದ ಅಂಬಿಕಾನಗರದ ದಾರಿಯಲ್ಲಿ ಕುಳಗಿ. ನಿಸರ್ಗ ಶಿಬಿರ ಅರಣ್ಯ ಇಲಾಖೆಯದು, ಮೊದಲೇ ಕಾಯ್ದಿರಿಸಿಕೊಂಡು ಹೋಗಬೇಕು. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳು ಅನುಕೂಲ. ಮಂಗಟ್ಟೆಗಳು ಗೂಡಿನಲ್ಲಿರುವ ಬೇಸಿಗೆಯಲ್ಲಿ ಹೋದರೆ ಗೂಡಿನಿಂದ ದೂರ ನಿಂತು ನೋಡಿ, ಸದ್ದು ಮಾಡಬೇಡಿ. ಪ್ಲಾಸ್ಟಿಕ್ ಒಯ್ಯಬೇಡಿ. ಮಕ್ಕಳಿಗೆ ಒಂದು ದುರ್ಬೀನು, ಒಂದು ನೋಟ್‌ಬುಕ್ ಇದ್ದರೆ ಸಾಕು. ಆ ದಾರಿಯಲ್ಲಿ ಹಳೆಯ ಗೆಳೆಯರ ಮನೆ ಇದ್ದರೆ, ಅಲ್ಲಿಗೊಂದು ಹೊತ್ತು ತೆಗೆದಿಡಿ.